ಗುಜರಿ ಸೇರುವ ಮುನ್ನ ಹಾಡಿನ ಪ್ಲೇಟುಗಳಿಗೆ ಊರಲ್ಲೇ ಜಾಗ ಬೇಕು

ಬಾಂಬೆಯ ಅಟಾಮಿಕ್ ಫಾರೆಸ್ಟ್ ಎಂಬ ರಾಕ್ ತಂಡದ ಹೆಸರು ಕನ್ನಡದ ಹೆಚ್ಚಿನ ಓದುಗರಿಗೆ ಹೊಸದು. 1970ರ ದಶಕದಲ್ಲಿ ವೇದಿಕೆ ಏರುತ್ತಿದ್ದ ಈ ತಂಡ ಬಿಟ್ಟುಹೋದದ್ದು ಒಂದೇ ಒಂದು ಎಲ್‌ಪಿ ರೆಕಾರ್ಡು. ಅದೇ ಕಾಲದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟಿನ ಪ್ರಚಾರಕ್ಕೆಂದು ಸಿಮ್ಲಾ ಬೀಟ್ ಸ್ಪರ್ಧೆ ನಡೆಸಿ, 1970 ಮತ್ತು 1971ರಲ್ಲಿ ಎರಡು ಎಲ್‌ಪಿ ತಂದಿತ್ತು. ಅವುಗಳಲ್ಲಿ ಹಾಡಿದ ಹುಡುಗರಲ್ಲಿ ಹೆಚ್ಚಿನವರ ಹೆಸರು ಮುಂದೆ ಕೇಳಿಬರಲೇ ಇಲ್ಲ. ಗಿಟಾರಿನ ದನಿಯನ್ನು ತಿರುಚಿ, ಮಾರ್ದನಿ ಬೆರೆಸಿ ನುಡಿಸುವ ಸೈಕೆಡೆಲಿಕ್ ರಾಕ್, ಒಂದೇ ಹಾಡನ್ನು ಪ್ಲೇಟಿನ ಇಡೀ ಮಗ್ಗುಲಿಗೆ ಹಬ್ಬಿಸುವ ಪ್ರೊಗ್ರೆಸಿವ್ ರಾಕ್ ಎರಡಕ್ಕೂ ಜಗತ್ತಿನ ಹಲವೆಡೆ ಇದೇ ಗತಿಯಾಯಿತು. ಡೆಟ್ರಾಯಿಟ್‌ನ ರೊಡ್ರಿಗಸ್ 1970ರಲ್ಲಿ ತಂದ ‘ಕೋಲ್ಡ್ ಫ್ಯಾಕ್ಟ್’ ಅಮೆರಿಕದಲ್ಲಿ ಮಾರಾಟವೇ ಆಗಲಿಲ್ಲ. ದಕ್ಷಿಣ ಆಫ್ರಿಕಾದ ಅಭಿಮಾನಿಗಳು ಅದನ್ನು ಎದೆಗಪ್ಪಿಕೊಂಡು, 1990ರ ದಶಕದ ಕೊನೆಗೆ ಗಾಯಕನನ್ನೇ ಹುಡುಕಿ ತೆಗೆದರು. ಅಟಾಮಿಕ್ ಫಾರೆಸ್ಟ್ ಹಾಡುಗಳನ್ನು 2011ರಲ್ಲಿ ಅಮೆರಿಕದ ನೌ-ಅಗೇನ್ ಕಂಪನಿ ಮತ್ತೆ ಹೊರತಂದಿತು. ವಿಮರ್ಶಕರು ಎತ್ತಿ ಹಿಡಿಯದ, ಕಂಪನಿಗಳು ಮರೆತ ಈ ಸಂಗೀತ ಬದುಕಿದ್ದು ಹಟ ಹಿಡಿದು ಹಳೆಯ ಪ್ಲೇಟು ಕೂಡಿಟ್ಟವರಿಂದ. ಯಾರಿಗೂ ಬೇಡವಾದದ್ದನ್ನು ಕೂಡಿಡುವುದು ಬರೀ ಹುಚ್ಚಲ್ಲ, ಅದು ಇತಿಹಾಸದ ಕೆಲಸ. ಈ ಮಾತು ನಮ್ಮ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೂ ಸಲ್ಲುತ್ತದೆ. ಈ ಐದು ತಾಲ್ಲೂಕುಗಳ ಮನೆ, ಮೈಕ್‌ಸೆಟ್ ಅಂಗಡಿಗಳ ಅಟ್ಟದಲ್ಲಿ ಉಳಿದಿರುವ ಪ್ಲೇಟುಗಳಿಗೆ ಸಾರ್ವಜನಿಕ ಸಂಗ್ರಹವೊಂದು ಬೇಕು, ಅದೂ ತಡವಾಗುವ ಮುನ್ನ.

ಈ ಸೀಮೆ ಎಂಥದ್ದೆಂದು ನೋಡಿದರೆ ಬೇಡಿಕೆಯ ತೂಕ ತಿಳಿಯುತ್ತದೆ. 1953ರ ಅಕ್ಟೋಬರ್‌ವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಸೀಮೆ ಇದು. ಹಡಗಲಿಯ ಬಳಿ ತುಂಗಭದ್ರೆ ದಾಟಿದರೆ ಅತ್ತ ಮುಂಬಯಿ ಪ್ರಾಂತ್ಯ. ಹೀಗಾಗಿ ಇಲ್ಲಿಗೆ ಹಾಡು ಬರುವ ದಾರಿ ಒಂದೇ ಆಗಿರಲಿಲ್ಲ. ಮದರಾಸಿನಿಂದ ತೆಲುಗು ಹಾಡು, ಮುಂಬಯಿ ಕಡೆಯಿಂದ ಹಿಂದೂಸ್ತಾನಿ ಮತ್ತು ಮರಾಠಿ ನಾಟ್ಯಸಂಗೀತ, ನದಿಯಾಚೆಯ ಗದಗಿನಿಂದ ಪಂಚಾಕ್ಷರ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಗಾಯನ ಎಲ್ಲವೂ ಈ ನೆಲ ಮುಟ್ಟುವಷ್ಟು ಹತ್ತಿರದಲ್ಲಿದ್ದವು. ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ, ಉಜ್ಜಿನಿಯ ಜಾತ್ರೆ ಎಂದರೆ ಜನಸಾಗರ. ಜನ ಸೇರಿದಲ್ಲಿ ನಾಟಕ ಕಂಪನಿ, ಟೆಂಟ್ ಸಿನಿಮಾ, ಮೈಕ್‌ಸೆಟ್. ಮದುವೆ ಮನೆಯ ಮುಂದಿನ ಮರಕ್ಕೆ ಹಾರ್ನ್ ಕಟ್ಟಿ, ಬೆಳಗಿನ ಜಾವದಿಂದ ಪ್ಲೇಟು ಹಾಕುತ್ತಿದ್ದ ಮೈಕ್‌ಸೆಟ್ಟಿನವನೇ ಊರಿಗೆ ಸಂಗೀತ ಆರಿಸಿಕೊಡುತ್ತಿದ್ದ. ಆತ ಯಾವ ಪ್ಲೇಟಿಗೆ ಹಣ ಹಾಕಿದ, ಯಾವುದನ್ನು ಗೆರೆ ಸವೆಯುವಷ್ಟು ಹಾಕಿದ ಎನ್ನುವುದು ಆ ಊರಿನ ಅಭಿರುಚಿಗೆ ಸಾಕ್ಷಿ. ಬೆಂಗಳೂರಲ್ಲಿ ಕೂತು ಬರೆದ ಸಿನಿಮಾ ಇತಿಹಾಸದಲ್ಲಿ ಈ ಸಾಕ್ಷಿ ಸಿಗುವುದಿಲ್ಲ. ಆದ್ದರಿಂದಲೇ ಪ್ಲೇಟನ್ನು ಅದು ಬಾಳಿದ ಊರಿನ ಹೆಸರಿನೊಂದಿಗೆ ಉಳಿಸಬೇಕು. ಒಂದೇ ರೆಕಾರ್ಡು ಮುಂಬಯಿಯ ಚೋರ್ ಬಜಾರಿನಲ್ಲಿ ಸಿಕ್ಕರೆ ಅದು ಸರಕು, ಹರಪನಹಳ್ಳಿಯ ಮನೆಯಲ್ಲಿ ಸಿಕ್ಕರೆ ಚರಿತ್ರೆ.

ಪ್ಲೇಟೊಂದನ್ನು ಕೈಗೆತ್ತಿಕೊಂಡು ನೋಡಬೇಕು. 10 ಇಂಚಿನ ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ, ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದ್ದರಿಂದ ತೂಕ ಹೆಚ್ಚು, ಕೈಜಾರಿದರೆ ಚೂರು. ಉಕ್ಕಿನ ಮುಳ್ಳು ಓಡಿದಷ್ಟೂ ಗೆರೆ ಸವೆಯುತ್ತದೆ. ನಡುವಿನ ಕಾಗದದ ಲೇಬಲ್ ಮೇಲೆ ಹಾಡಿದವರ ಹೆಸರು, ಕೆಲವೊಮ್ಮೆ ರಾಗ, ನಾಟಕದ ಹೆಸರು. ಲೇಬಲ್‌ಗೂ ಕೊನೆಯ ಗೆರೆಗೂ ನಡುವಿನ ಬೋಳು ಜಾಗದಲ್ಲಿ ಸಣ್ಣಗೆ ಕೊರೆದ ಸಂಖ್ಯೆ ಇರುತ್ತದೆ. ಬಲ್ಲವರು ಆ ಸಂಖ್ಯೆಯ ಜಾಡು ಹಿಡಿದು ಹಾಡು ಮುದ್ರಣವಾದ ಕಾಲವನ್ನು ಅಂದಾಜಿಸುತ್ತಾರೆ. ಹೆಸರು ಕೂಡ ಬಲ್ಲವರಿಗಷ್ಟೇ ಗುರುತು ಸಿಗುವಂಥದ್ದು. 1930ರ ದಶಕದ ಎಚ್‌ಎಂವಿ ಪ್ಲೇಟುಗಳ ಮೇಲೆ ಗಂಗೂಬಾಯಿ ಹಾನಗಲ್ ಅವರ ಹೆಸರು ಹುಬ್ಬಳ್ಳಿಯ ಗಾಂಧಾರಿ ಎಂದು ಅಚ್ಚಾಗಿತ್ತು. ಇದು ಗೊತ್ತಿಲ್ಲದವರ ಕೈಯಲ್ಲಿ ಅಂಥ ಪ್ಲೇಟು ಯಾರೋ ಅನಾಮಿಕಳ ಹಾಡಾಗಿ ಗುಜರಿಗೆ ಹೋಗಬಹುದು. ಮುಂದೆ ಬಂದ ಎಲ್‌ಪಿ, ಇಪಿಗಳು ಚೂರಾಗುವುದಿಲ್ಲ, ಆದರೆ ಬಿಸಿಲಿಗೆ ಬಾಗುತ್ತವೆ. ಪಾದರಸ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ, ತಗಡಿನ ಮಾಡಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟ ಪ್ಲೇಟುಗಳಿಗೆ ಹೆಚ್ಚು ಆಯುಸ್ಸಿಲ್ಲ.

ಖಾಸಗಿ ಸಂಗ್ರಹವೂ ಸಂಸ್ಥೆಯೂ ಕೈಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಯಂಗ್ ಇಂಡಿಯಾ ರೆಕಾರ್ಡುಗಳೇ ನಿದರ್ಶನ. 1935ರಿಂದ 1955ರವರೆಗೆ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಈ ಪ್ಲೇಟುಗಳಲ್ಲಿ ಇನ್ನೂ ಹೆಸರು ಮಾಡದ ಎಷ್ಟೋ ಹವ್ಯಾಸಿಗಳು ಹಾಡಿದ್ದರು. ಕಂಪನಿ ಮುಚ್ಚಿದ ಮೇಲೆ ಅವು ಉಳಿದದ್ದು ಸಂಗ್ರಾಹಕರ ಮನೆಗಳಲ್ಲಿ ಮಾತ್ರ. 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘದ ಸುರೇಶ ಚಾಂದವಣಕರ್ ಅವರ ಮುಂದಾಳತ್ವದಲ್ಲಿ, ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಅವುಗಳ ದೊಡ್ಡ ಭಾಗ ಡಿಜಿಟಲ್ ಆಯಿತು. ಮುಂಬಯಿಯ ಹಾಡು ಉಳಿಸಲು ಲಂಡನ್ನಿನ ಗ್ರಂಥಾಲಯ ನೆರವಾಗಬಹುದಾದರೆ, ಕೂಡ್ಲಿಗಿಯ ಪ್ಲೇಟಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಾಗ ಕೊಡುವುದು ಅಸಾಧ್ಯದ ಮಾತೇನಲ್ಲ. 1991ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯ ಈ ಐದೂ ತಾಲ್ಲೂಕುಗಳಿರುವ ವಿಜಯನಗರ ಜಿಲ್ಲೆಯಲ್ಲೇ ಇದೆ.

ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಈ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಸಿಗುವುದು ಯಾರೋ ಏರಿಸಿದಷ್ಟು ಮಾತ್ರ. ಜನಪ್ರಿಯ ಸಿನಿಮಾ ಹಾಡು ಹತ್ತು ಕಡೆ ಸಿಕ್ಕೀತು. ಒಂದೇ ಬಾರಿ ಪ್ಲೇಟು ಕೊಟ್ಟು ಮರೆಯಾದ ರಂಗಗಾಯಕಿಯ ಹಾಡು ಸಿಗುವ ಭರವಸೆಯಿಲ್ಲ. ಸಿಕ್ಕರೂ ಲೇಬಲ್ ಇಲ್ಲ, ವರ್ಷವಿಲ್ಲ, ಪ್ಲೇಟು ಎಲ್ಲಿಯದೆಂಬ ಸುಳಿವಿಲ್ಲ. ಏರಿಸಿದವರು ಚಾನೆಲ್ ಮುಚ್ಚಿದರೆ ಹಾಡೂ ಹೋಯಿತು. ಕೇಳಲು ಅದು ಸಾಕು, ಕಾಪಾಡಲು ಸಾಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ರೆಕಾರ್ಡು ಕಂಪನಿಗಳು ಮಾರಾಟವಾಗುವುದನ್ನಷ್ಟೇ ಮುದ್ರಿಸಿದವು. ಜೋಗತಿಯರ ಚೌಡಿಕೆ ಪದ, ಗೊರವರ ಹಾಡು, ತಾಂಡಾಗಳ ಲಂಬಾಣಿ ಪದ, ಬಯಲಾಟದ ಮಟ್ಟುಗಳಿಗೆ ಅಲ್ಲಿ ಸಿಕ್ಕ ಜಾಗ ತೀರಾ ಕಡಿಮೆ. ಹಾಗಿರುವಾಗ ಕಂಪನಿಯ ಪ್ಲೇಟಿನ ಬೆನ್ನು ಹತ್ತುವುದು ಉಳ್ಳವರ ಸಂಗೀತವನ್ನೇ ಮತ್ತೆ ಪೂಜಿಸಿದಂತಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಬುರ‍್ರಕಥಾ ಈರಮ್ಮನಂಥ ಮಹಾ ಕಲಾವಿದೆಯ ಕಾವ್ಯಗಳು ನಮಗೆ ಉಳಿದದ್ದು ವಿದ್ವಾಂಸರು ಕೂತು ದಾಖಲಿಸಿದ್ದರಿಂದ, ಗ್ರಾಮಾಫೋನ್ ಕಂಪನಿಯಿಂದಲ್ಲ. ಆದರೆ ಎರಡು ಕೆಲಸಗಳಲ್ಲಿ ಒಂದನ್ನೇ ಆರಿಸಬೇಕಾದ ಪ್ರಮೇಯವಿಲ್ಲ. ಹಾಡುವವರ ದಾಖಲೆ ಒಂದು, ಕೇಳುವವರ ದಾಖಲೆ ಇನ್ನೊಂದು. ಚೌಡಿಕೆ ಕೇಳುತ್ತಿದ್ದ ಕಿವಿಯೇ ಮೈಕ್‌ಸೆಟ್ಟಿನ ಹಾಡನ್ನೂ ಕೇಳುತ್ತಿತ್ತು. ಒಂದರ ಮಟ್ಟು ಇನ್ನೊಂದಕ್ಕೆ ಹೇಗೆ ದಾಟಿತೆಂದು ತಿಳಿಯಲು ಎರಡೂ ಕೈಗೆ ಸಿಗಬೇಕು. ಪ್ಲೇಟಿಗೆಂದು ತೆರೆದ ಸಂಗ್ರಹಕ್ಕೆ ನಾಳೆ ಮನೆಮನೆಯ ಕ್ಯಾಸೆಟ್ಟು, ಸ್ಪೂಲ್ ಟೇಪುಗಳೂ ಬರುತ್ತವೆ. ಕಂಪನಿ ಒಲ್ಲೆನೆಂದ ದನಿಗಳು ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು.

ಸರ್ಕಾರದ ಕೈಗೆ ಕೊಟ್ಟರೆ ಪ್ಲೇಟಿಗೆ ದೂಳೇ ಗತಿ, ಸಂಗ್ರಾಹಕರ ಮನೆಯೇ ವಾಸಿ ಎನ್ನುವವರ ಅನುಮಾನ ಆಧಾರವಿಲ್ಲದ್ದಲ್ಲ. ಆದರೆ ಸಂಗ್ರಾಹಕನ ಪ್ರೀತಿ ಅವನ ಆಯುಸ್ಸಿನಷ್ಟೇ ಉದ್ದ. ಮಕ್ಕಳಿಗೆ ಆಸಕ್ತಿಯಿಲ್ಲದಿದ್ದರೆ ಜೀವಮಾನದ ಸಂಗ್ರಹ ಕೆಜಿ ಲೆಕ್ಕದಲ್ಲಿ ಹೋಗುತ್ತದೆ. ಇಲ್ಲವೇ ದುಬಾರಿ ಬೆಲೆಗೆ ದೂರದ ಕಪಾಟು ಸೇರುತ್ತದೆ. ಅಪರೂಪದ ರಾಕ್ ಪ್ಲೇಟುಗಳಿಗೆ ಬೆಲೆ ಏರಿದ ಮೇಲೆ ಅವು ಸಾಮಾನ್ಯ ಕೇಳುಗನ ಕೈಗೆ ಎಟುಕದಾದವು. ಇದಕ್ಕೆ ನಡುದಾರಿಯುಂಟು. ಪ್ಲೇಟು ಮಾಲೀಕನ ಬಳಿಯೇ ಇರಲಿ, ಹಾಡಿನ ಡಿಜಿಟಲ್ ಪ್ರತಿ, ಲೇಬಲ್ಲಿನ ಚಿತ್ರ, ಅದು ಎಲ್ಲಿಂದ ಬಂತೆಂಬ ವಿವರ ಮಾತ್ರ ಸಂಗ್ರಹಕ್ಕೆ ಬರಲಿ. ಕೊಡಲು ಮುಂದಾದವರ ಪ್ಲೇಟನ್ನು ರಸೀದಿ ಕೊಟ್ಟು ಪಡೆಯಲಿ. ಕಾನೂನಿನ ಭಯವೂ ಅಷ್ಟಿಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷ. 1950ರ ದಶಕದವರೆಗಿನ ಪ್ಲೇಟುಗಳ ಮಟ್ಟಿಗೆ ಅದು ಮುಗಿದಿದೆ. ಸಾಹಿತ್ಯ, ಸಂಗೀತ ರಚನೆಯ ಹಕ್ಕನ್ನು ಬೇರೆಯಾಗಿ ನೋಡಬೇಕು. ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಾಡಲು ಡಿಜಿಟಲ್ ಮಾಡಿಟ್ಟುಕೊಳ್ಳಲೂ ಅದೇ ಕಾಯ್ದೆ ಅವಕಾಶ ಕೊಟ್ಟಿದೆ.

ಕುಡಿಯುವ ನೀರು, ಶಾಲೆ, ಆಸ್ಪತ್ರೆಗೇ ಪರದಾಡುವ ತಾಲ್ಲೂಕುಗಳಲ್ಲಿ ಹಳೆಯ ಹಾಡಿಗೆ ದುಡ್ಡು ಸುರಿಯಬೇಕೇ ಎಂಬ ಪ್ರಶ್ನೆಗೂ ನೇರ ಉತ್ತರವಿದೆ. ಇಲ್ಲಿ ಕಟ್ಟಡ ಕಟ್ಟುವ ಮಾತೇ ಇಲ್ಲ. ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ದಾಖಲೆ ಪುಸ್ತಕ, ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸುವ ತಂಪಾದ ಕಪಾಟು, ವಿಶ್ವವಿದ್ಯಾಲಯದಲ್ಲಿ 78, 45, 33 ಮೂರೂ ವೇಗದಲ್ಲಿ ತಿರುಗುವ ಪ್ಲೇಯರ್, ಒಂದು ಕಂಪ್ಯೂಟರ್, ತರಬೇತಿ ಪಡೆದ ಇಬ್ಬರು ಇದ್ದರೆ ಕೆಲಸ ಶುರುವಾಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈ ಖರ್ಚು ಭಾರವಲ್ಲ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ರಂಗಭಾರತಿ ಕಟ್ಟಿದ್ದು ತಾಲ್ಲೂಕು ಕೇಂದ್ರವೂ ರಂಗಭೂಮಿಯ ನೆಲೆಯಾಗಬಲ್ಲದು ಎಂಬ ನಂಬಿಕೆಯಿಂದ. ಅದೇ ನಂಬಿಕೆ ಈ ಕೆಲಸಕ್ಕೂ ಬೇಕು.

ಮಂಡಳಿ, ವಿಶ್ವವಿದ್ಯಾಲಯ, ಗ್ರಂಥಾಲಯ ಇಲಾಖೆ ಮೂರೂ ಸೇರಿ ಮೊದಲು ಐದೂ ತಾಲ್ಲೂಕುಗಳ ಪ್ಲೇಟುಗಳ ಪಟ್ಟಿ ಮಾಡಲಿ. ಹಳೆಯ ಮೈಕ್‌ಸೆಟ್ ಮಾಲೀಕರು, ನಾಟಕ ಕಂಪನಿಯ ಹಿರಿಯರು ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು ಈ ಪಟ್ಟಿ ಮಾಡಬೇಕು. ಅವರ ನೆನಪಿಲ್ಲದೆ ಎಷ್ಟೋ ಪ್ಲೇಟುಗಳು ಮೂಕವಾಗುತ್ತವೆ. ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಸರಳವಾಗಿದೆ. ಮನೆಯ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ, ಎರಡೂ ಮಗ್ಗುಲಿನ ಲೇಬಲ್ಲಿನ ಫೋಟೊ ತೆಗೆದಿಡಿ, ಯಾರು ಕೊಂಡದ್ದು, ಎಲ್ಲಿ ಹಾಕುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಗುಜರಿಯವನಿಗೆ ಮಾತ್ರ ಕೊಡಬೇಡಿ.