ಮೊದಲು ಟೋಕನ್, ಆಮೇಲೆ ದೋಸೆ

‘ಒಂದು ಸಣ್ಣ ಲೋಗೋ ಅಷ್ಟೇ ಸಾರ್. ನಿಮಗೆ ಹತ್ತು ನಿಮಿಷದ ಕೆಲಸ.’

ಎಂಟು ವರ್ಷದಿಂದ ಬೆಂಗಳೂರಲ್ಲಿ ಸ್ವಂತಕ್ಕೆ ಡಿಸೈನ್ ಕೆಲಸ ಮಾಡ್ಕೊಂಡು ಬದುಕ್ತಿದ್ದೇನೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಇದರ ಬೆನ್ನಿಗೇ ಬರುವ ಎರಡನೇ ಮಾತು ಇನ್ನೂ ಸೊಗಸು: ‘ಮೊದಲು ಎರಡು ಮೂರು ಸ್ಯಾಂಪಲ್ ಕಳಿಸಿ, ಇಷ್ಟ ಆದ್ರೆ ಪೇಮೆಂಟ್ ಮಾತಾಡೋಣ.’

ನನ್ನ ಜಗಳ ಇರೋದು ಈ ಎರಡನೇ ಮಾತಿನ ಜೊತೆ. ಲೋಗೋಗೆ ಎಷ್ಟು ದುಡ್ಡು ಅನ್ನೋದು ಚೌಕಾಸಿ ವಿಷಯ. ಇಬ್ಬರೂ ಕೂತು ಕಾಫಿ ಕುಡೀತಾ ಮಾತಾಡಬಹುದು, ಐದು ಸಾವಿರ ಹೆಚ್ಚು ಕಮ್ಮಿ ಮಾಡ್ಕೋಬಹುದು. ಆದರೆ ಕೆಲಸ ಪೂರ್ತಿ ಮಾಡಿಸಿಕೊಂಡು, ಆಮೇಲೆ ದುಡ್ಡು ಕೊಡಬೇಕೋ ಬೇಡವೋ ಅಂತ ಯೋಚನೆ ಮಾಡೋದಿದೆಯಲ್ಲ, ಅದಕ್ಕೆ ನಮ್ಮ ಕಡೆ ಬಿಟ್ಟಿ ಚಾಕರಿ ಅಂತಾರೆ.

ಎರಡು ವರ್ಷದ ಹಿಂದಿನ ಮಾತು. ಹೊಸದಾಗಿ ದರ್ಶಿನಿ ಶುರು ಮಾಡ್ತಿದ್ದ ಒಬ್ಬರು ಫೋನ್ ಮಾಡಿದರು. ಒಳ್ಳೆ ಮನುಷ್ಯ, ಮರ್ಯಾದೆಯ ಮಾತು. ಕೆಲಸ ಇನ್ನೂ ನಡೀತಿದ್ದ ಅಂಗಡಿಗೆ ಕರ್ಕೊಂಡು ಹೋಗಿ ಅಡುಗೆಮನೆ ಎಲ್ಲಿ, ಕೌಂಟರ್ ಎಲ್ಲಿ, ಬೋರ್ಡ್ ಎಷ್ಟು ಅಡಿ ಅಂತ ಎಲ್ಲಾ ತೋರಿಸಿದರು. ಕೊನೆಗೆ ಆ ಎರಡನೇ ಮಾತೂ ಬಂತು. ಆ ತಿಂಗಳು ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ‘ಆಯ್ತು ಸಾರ್, ಕಳಿಸ್ತೀನಿ’ ಅಂದೆ.

ಹನ್ನೊಂದು ದಿನ ಕೂತೆ. ಅವರ ರಸ್ತೆಯಲ್ಲಿ ಅಕ್ಕಪಕ್ಕ ಯಾವ ಬಣ್ಣದ ಬೋರ್ಡ್ ಇದೆ, ಬಸ್ಸಿನ ಕಿಟಕಿಯಿಂದ ಯಾವುದು ಓದೋಕೆ ಬರುತ್ತೆ ಅಂತ ಎರಡು ಸಲ ಹೋಗಿ ನೋಡಿ ಬಂದೆ. ಹೋಟೆಲಿನ ಹೆಸರಿನ ಕೊನೆಯ ಅಕ್ಷರಕ್ಕೆ ಕೊಂಬು ಇತ್ತು. ಅದನ್ನೇ ಸೌಟಿನ ಹಿಡಿಯ ಥರ ಬಗ್ಗಿಸಿದರೆ ಹೇಗೆ ಅಂತ ಹೊಳೆದದ್ದು ಒಂಬತ್ತನೇ ದಿನ, ಪೇಪರ್ ಮೇಲೆ. ಮೂರು ಲೋಗೋ ಕಳಿಸಿದೆ. ವಾಟ್ಸಾಪಲ್ಲಿ ಎರಡು ನೀಲಿ ಗೆರೆ ಬಂತು, ಒಂದು ಹೆಬ್ಬೆರಳು ಬಂತು. ಆಮೇಲೆ ಏನೂ ಬರಲಿಲ್ಲ. ನಾಲ್ಕು ಸಲ ಫೋನ್ ಮಾಡಿ ಸುಮ್ಮನಾದೆ. ಆ ತಿಂಗಳ ಬಾಡಿಗೆಗೆ ಸ್ನೇಹಿತನ ಹತ್ರ ಕೈಗಡ ತಗೊಂಡೆ.

ನಾಲ್ಕು ತಿಂಗಳಾದ ಮೇಲೆ ಅದೇ ರಸ್ತೆಯಲ್ಲಿ ಹೋಗ್ತಾ ಇದ್ದೆ. ಬೋರ್ಡ್ ಮೇಲೆ ನನ್ನ ಸೌಟು! ಯಾರೋ ನನ್ನ ಚಿತ್ರ ನೋಡ್ಕೊಂಡು ಮತ್ತೆ ಬರೆದಿದ್ದರು. ವಕ್ರವಾಗಿ, ಒತ್ತಕ್ಷರವನ್ನು ಹಿಂಡಿ ಕೂರಿಸಿ. ಒಳಗೆ ಹೋದೆ. ಜಗಳ ಆಡಬೇಕು ಅಂತಲೇ ಹೋಗಿದ್ದು. ಓನರ್ ಇರಲಿಲ್ಲ. ಹಸಿವಾಗಿತ್ತು, ದೋಸೆ ಕಲ್ಲಿನ ಹತ್ರ ನಿಂತು ‘ಒಂದು ಮಸಾಲೆ’ ಅಂದೆ. ದೋಸೆ ಭಟ್ಟರು ತಲೆ ಎತ್ತದೆ ಹೇಳಿದರು: ‘ಮೊದಲು ಟೋಕನ್ ತಗೊಂಡು ಬನ್ನಿ ಸಾರ್.’

75 ರೂಪಾಯಿ ಕೊಟ್ಟು ಟೋಕನ್ ತಗೊಂಡೆ.

ನೋಡಿ, ಈ ಊರಿಗೆ ಮುಂಗಡ ಅನ್ನೋದು ಗೊತ್ತಿಲ್ಲದ ವಿಷಯ ಏನಲ್ಲ. ಬೆಂಗಳೂರಿನ ದರ್ಶಿನಿ ನಿಂತಿರೋದೇ ಅದರ ಮೇಲೆ. ಲಕ್ಷಾಧಿಪತಿ ಬಂದರೂ ಮೊದಲು ಟೋಕನ್, ಆಮೇಲೆ ದೋಸೆ. ಯಾರೂ ‘ನಂಬಿಕೆ ಇಲ್ವೇನ್ರೀ’ ಅಂತ ಕ್ಯಾಶಿಯರ್ ಜೊತೆ ಜಗಳಕ್ಕೆ ನಿಲ್ಲಲ್ಲ. ಟೈಲರ್ ಹತ್ರ ‘ಮೂರು ಬ್ಲೌಸ್ ಹೊಲಿದಿಡಿ, ಹಿಡಿಸಿದ್ದು ಒಂದನ್ನ ತಗೋತೀನಿ’ ಅಂತ ಯಾರೂ ಹೇಳಲ್ಲ. ಕಲ್ಯಾಣಮಂಟಪದವರು ಅಡ್ವಾನ್ಸ್ ಇಲ್ಲದೆ ಡೈರಿಯಲ್ಲಿ ಹೆಸರು ಕೂಡ ಬರ್ಕೊಳಲ್ಲ. ಡಿಸೈನರ್ ಅಡ್ವಾನ್ಸ್ ಕೇಳಿದಾಗ ಮಾತ್ರ ಎಲ್ಲರಿಗೂ ಅವಮಾನ ಆಗುತ್ತೆ.

‘ಇಂಟರ್ವ್ಯೂನಲ್ಲೂ ಟೆಸ್ಟ್ ಕೊಡ್ತಾರಲ್ಲ, ಸ್ಯಾಂಪಲ್ ಅಂದ್ರೆ ಅದೇ ತಾನೆ?’ ಅಂತ ಕೇಳೋ ಸ್ನೇಹಿತರಿದ್ದಾರೆ. ಅಲ್ಲ ಕಣ್ರೀ. ನೀವು ಟೆಸ್ಟಲ್ಲಿ ಬರೆದ ಕೋಡನ್ನು ಕಂಪನಿಯವರು ನಾಳೆ ಗಿರಾಕಿಗೆ ಮಾರಲ್ಲ. ಲೋಗೋ ವಿಷಯದಲ್ಲಿ ಐಡಿಯಾನೇ ಸರಕು. ಕಣ್ಣಿಗೆ ಬಿದ್ದ ಕ್ಷಣವೇ ಅದು ಅವರ ಕೈ ಸೇರಿತು. ಕಡಲೆಕಾಯಿ ಪರಿಷೆಯಲ್ಲಿ ಎರಡು ಕಾಯಿ ಬಿಡಿಸಿ ಬಾಯಿಗೆ ಹಾಕ್ಕೊಂಡು ನೋಡಬಹುದು, ಮೂಟೆ ಅಲ್ಲೇ ಇರುತ್ತೆ. ಲೋಗೋ ‘ರುಚಿ ನೋಡೋದು’ ಅಂದ್ರೆ ಇಡೀ ಮೂಟೆ ಎತ್ತಿಕೊಂಡು ಹೋದ ಹಾಗೆ. ನಮ್ಮ ಕೆಲಸ ಹೇಗಿರುತ್ತೆ ಅಂತ ನೋಡಬೇಕಾ? ಅದಕ್ಕೇ ಪೋರ್ಟ್‌ಫೋಲಿಯೋ ಇರೋದು. ಹಳೇ ಗಿರಾಕಿಗಳ ನಂಬರ್ ಕೊಡ್ತೀನಿ, ಫೋನ್ ಮಾಡಿ ವಿಚಾರಿಸಿ.

ಇನ್ನು ಸ್ವಲ್ಪ ಓದಿಕೊಂಡ ಗಿರಾಕಿಗಳು ನೈಕಿ ಕಥೆ ಹೇಳ್ತಾರೆ. ‘ಅಷ್ಟು ದೊಡ್ಡ ಕಂಪನಿ ಲೋಗೋ ಬರೀ 35 ಡಾಲರಿಗೆ ಮಾಡಿಸಿದ್ದು ಗೊತ್ತಾ?’ ಗೊತ್ತು ಸ್ವಾಮಿ. ನಮಗೇ ಗೊತ್ತಿಲ್ಲದೆ ಇರುತ್ತಾ? 1971ರಲ್ಲಿ ಅದನ್ನು ಬರೆದ ಕ್ಯಾರೊಲಿನ್ ಡೇವಿಡ್ಸನ್ ಆಗ ಪೋರ್ಟ್‌ಲ್ಯಾಂಡಿನಲ್ಲಿ ಓದ್ತಿದ್ದ ವಿದ್ಯಾರ್ಥಿನಿ. ಗಂಟೆಗೆ ಎರಡು ಡಾಲರ್ ಲೆಕ್ಕದಲ್ಲಿ ಕೆಲಸ ಮಾಡ್ತಿದ್ದರು. ದುಡ್ಡು ಕಮ್ಮಿಯೇ, ಆದರೆ ಕೊಟ್ಟರು. 1983ರಲ್ಲಿ ಕಂಪನಿಯವರೇ ಕರೆದು ಷೇರು ಕೂಡ ಕೊಟ್ಟರು. ಅಂದ್ರೆ ಹಣವಿಲ್ಲದ ಪುಟ್ಟ ಕಂಪನಿಯೊಂದು, ವಿದ್ಯಾರ್ಥಿನಿಗೂ ಪುಕ್ಕಟೆ ಕೆಲಸ ಹೇಳಲಿಲ್ಲ ಅನ್ನೋ ಕಥೆ ಅದು. ಸರಿಯಾಗಿ ಹೇಳಿದರೆ ನಮ್ಮ ಪರವಾಗಿರೋ ಕಥೆ.

ಅದೇ ಅಮೆರಿಕದಲ್ಲಿ ಇನ್ನೊಂದು ಕಥೆ ಇದೆ, ಅದನ್ನು ಯಾವ ಗಿರಾಕಿಯೂ ಹೇಳಲ್ಲ. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪನಿಗೆ ಲೋಗೋ ಬೇಕು ಅಂತ ಪಾಲ್ ರ‍್ಯಾಂಡ್ ಹತ್ರ ಹೋದರು. ನಾಲ್ಕಾರು ಆಪ್ಷನ್ ಕೊಡ್ತೀರಾ ಅಂತ ಕೇಳಿದರು. ರ‍್ಯಾಂಡ್ ಇಲ್ಲ ಅಂದರು. ಒಂದೇ ಕೊಡ್ತೀನಿ, ನೀವು ಬಳಸಿ ಬಿಡಿ, ನನ್ನ ದುಡ್ಡು ಕೊಡಬೇಕು ಅನ್ನೋದು ಅವರ ಷರತ್ತು ಅಂತ ಜಾಬ್ಸೇ ಆಮೇಲೆ ಹೇಳಿಕೊಂಡಿದ್ದಾರೆ. ಕೊಟ್ಟಿದ್ದು ಒಂದು ಲಕ್ಷ ಡಾಲರ್. ನಾವು ಯಾರೂ ರ‍್ಯಾಂಡ್ ಅಲ್ಲ, ನಿಜ. ಆದರೆ ‘ದುಡ್ಡು ಕೆಲಸಕ್ಕೆ, ನಿಮ್ಮ ಮೂಡಿಗಲ್ಲ’ ಅನ್ನೋಕೆ ರ‍್ಯಾಂಡೇ ಆಗಬೇಕಾಗಿಲ್ಲ.

‘ಸ್ಪರ್ಧೆ’ ಅನ್ನೋದು ಇದರ ಇನ್ನೊಂದು ವೇಷ. ಲೋಗೋ ಕಳಿಸಿ, ಗೆದ್ದವರಿಗೆ ಬಹುಮಾನ. ನಮ್ಮ ರೂಪಾಯಿ ಚಿಹ್ನೆಯೂ ಸ್ಪರ್ಧೆಯಲ್ಲೇ ಬಂತು. ಮೂರು ಸಾವಿರಕ್ಕೂ ಹೆಚ್ಚು ಪ್ರವೇಶ, 2010ರಲ್ಲಿ ಒಬ್ಬರ ಚಿಹ್ನೆ ಆಯ್ಕೆ, ಎರಡೂವರೆ ಲಕ್ಷ ಬಹುಮಾನ. ದೇಶದ ನಾಣ್ಯದ ಮೇಲೆ ನಮ್ಮ ಗೆರೆ ಇರುತ್ತೆ ಅಂದ್ರೆ ನಾನೂ ಒಂದು ವಾರ ಕಳೆದೇನು. ಆದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನು, ಸ್ಟಾರ್ಟಪ್ಪು, ಜಿಮ್ಮು ಎಲ್ಲರೂ ತಮ್ಮನ್ನ ರಿಸರ್ವ್ ಬ್ಯಾಂಕ್ ಅಂದ್ಕೊಂಡರೆ ಹೇಗೆ? ನೂರು ಜನ ಕೂತು ಮಾಡಿದ್ದರಲ್ಲಿ ಒಬ್ಬನಿಗೆ ಐದು ಸಾವಿರದ ಗಿಫ್ಟ್ ಕಾರ್ಡ್, ಮಿಕ್ಕ ತೊಂಬತ್ತೊಂಬತ್ತು ಜನಕ್ಕೆ ‘ಭಾಗವಹಿಸಿದ್ದಕ್ಕೆ ಧನ್ಯವಾದ’.

ಸರಿ, ಎಐ ಬಂದಿದೆಯಲ್ಲ, ಒಂದು ನಿಮಿಷಕ್ಕೆ ಇಪ್ಪತ್ತು ಲೋಗೋ ಕೊಡುತ್ತೆ, ಕಾಲೇಜು ಹುಡುಗರು 500 ರೂಪಾಯಿಗೆ ಮಾಡಿಕೊಡ್ತಾರೆ. ಈ ವಾದಕ್ಕೆ ನನ್ನ ಉತ್ತರ ಸುಲಭ: ಧಾರಾಳವಾಗಿ ಮಾಡಿಸ್ಕೊಳ್ಳಿ. ಬೇಜಾರಿಲ್ಲ. ಕಮ್ಮಿ ಬೆಲೆಗೆ ಸಿಕ್ಕಿದ ಕಡೆ ಕೊಳ್ಳೋದು ನಿಮ್ಮ ಹಕ್ಕು. ಆದರೆ ಅಲ್ಲಿಗೆ ಹೋಗದೆ ನನ್ನ ಹತ್ರ ಬಂದಿದ್ದೀರಿ ಅಂದ್ರೆ ಏನೋ ಕಾರಣ ಇದೆ. ಆ ಕಾರಣಕ್ಕೇ ನಾನು ದುಡ್ಡು ಕೇಳ್ತಿರೋದು.

ಕಾರಣ ಏನು ಅಂತ ಒಂದು ಉದಾಹರಣೆ ಹೇಳ್ತೀನಿ. 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು ಅಂತ ಆಯ್ತಲ್ಲ, ಆಗ ಹಳೇ ಗಿರಾಕಿಗಳು ಸಾಲಾಗಿ ಫೋನ್ ಮಾಡಿದರು. ‘ಇಂಗ್ಲಿಷ್ ಲೋಗೋ ಇದೆಯಲ್ಲ, ಅದನ್ನೇ ಕನ್ನಡದಲ್ಲಿ ಟೈಪ್ ಮಾಡಿ ಕೊಡಿ.’ ಟೈಪ್ ಮಾಡಿದರೆ ಏನಾಗುತ್ತೆ? ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆ ಮಧ್ಯೆ ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತು. ‘ಸ್ಟ್ರೀಟ್’ ಅಂತ ಬರೆದರೆ ಒಂದೇ ಅಕ್ಷರದ ಕೆಳಗೆ ಎರಡು ಒತ್ತು ನೇತಾಡುತ್ತೆ. ಇಂಗ್ಲಿಷಿಗೆ ಅಂತ ಅಳೆದ ಪಟ್ಟಿಯೊಳಗೆ ಅದನ್ನು ತುರುಕಿದರೆ ಅಕ್ಷರ ಇರುವೆಯಷ್ಟಾಗುತ್ತೆ. ಇಲಸ್ಟ್ರೇಟರಿನಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆನ್ ಮಾಡದೆ ಕನ್ನಡ ಹಾಕಿದರೆ ಒತ್ತು ಕಳಚಿಕೊಂಡು ಪಕ್ಕದಲ್ಲಿ ಬಿದ್ದಿರುತ್ತೆ. ಅದೇ ತಪ್ಪು ಫ್ಲೆಕ್ಸ್ ಮೇಲೆ, ಮದುವೆ ಕಾರ್ಡ್ ಮೇಲೆ ಅಚ್ಚಾಗಿ ಬರೋದನ್ನ ನೀವೂ ನೋಡಿ ನಕ್ಕಿರ್ತೀರಿ. ಇದನ್ನೆಲ್ಲ ಸರಿ ಮಾಡಿ ಕೂರಿಸೋದು ಹತ್ತು ನಿಮಿಷದ ಕೆಲಸ ಅಲ್ಲ. ಮೂರು ನಾಲ್ಕು ದಿನ ಬೇಕು. ಆ ದಿನಗಳಿಗೆ ಬೆಲೆ ಇದೆ.

ಇಷ್ಟೊತ್ತು ಗಿರಾಕಿಯನ್ನೇ ಬೈದೆ. ಈಗ ನನ್ನ ಸರದಿ.

ಆ ದರ್ಶಿನಿ ಕಥೆಯನ್ನು ನನ್ನ ಥರವೇ ಡಿಸೈನ್ ಮಾಡೋ ಗೆಳತಿಯೊಬ್ಬಳಿಗೆ ಹೇಳ್ತಿದ್ದೆ, ಸಿಟ್ಟು ತೀರಿಸ್ಕೊಳ್ಳೋಕೆ. ಪೂರ್ತಿ ಕೇಳಿ, ‘ಯಾವ ರಸ್ತೆ?’ ಅಂದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅವರು ಮೊದಲು ನನ್ನ ಹತ್ರ ಬಂದಿದ್ರು ಕಣೋ. ಅರ್ಧ ಅಡ್ವಾನ್ಸ್ ಕೊಟ್ರೆ ಶುರು ಮಾಡ್ತೀನಿ ಅಂದೆ. ಬೇರೆಯವರು ಫ್ರೀಯಾಗಿ ಮಾಡ್ತಾರೆ ಅಂತ ಹೋದ್ರು. ಆ ಬೇರೆಯವರು ನೀನೇ ಅಂತ ಗೊತ್ತಿರಲಿಲ್ಲ.’

ಬೈಯಲಿಲ್ಲ ಅವಳು. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷದ ಕೊನೆಗೆ ಅವಳು ಸ್ವಂತ ಕೆಲಸ ಬಿಟ್ಟು ಕಂಪನಿಯೊಂದಕ್ಕೆ ಸೇರಿದಳು. ನನ್ನೊಬ್ಬನಿಂದಲೇ ಅಂತ ಹೇಳಲ್ಲ. ಆದರೆ ಸರಿಯಾದ ರೀತಿ ಕೇಳಿದವಳ ಕೈಯಿಂದ ಕೆಲಸ ಜಾರಿದ್ದು ನಾನು ‘ಆಯ್ತು ಸಾರ್’ ಅಂದಿದ್ದಕ್ಕೆ. ನಾನು ಬಿಟ್ಟಿ ಮಾಡಿದಾಗ ನನ್ನ ಹನ್ನೊಂದು ದಿನ ಮಾತ್ರ ಹೋಯ್ತು ಅಂದ್ಕೊಂಡಿದ್ದೆ. ಅವಳ ಮಾತಿಗಿದ್ದ ಬೆಲೆಯನ್ನೂ ಕಳೆದಿದ್ದೆ. ಸ್ಯಾಂಪಲ್ ಕೇಳೋರು ಇರ್ತಾರೆ, ಬಿಡಿ. ಕೊಡೋರು ನಾವು ಇರೋದಕ್ಕೇ ಅವರು ಕೇಳ್ತಾರೆ.

ಅವತ್ತಿಂದ ನನ್ನ ಹತ್ರ ಒಂದು ಪುಟದ ಒಪ್ಪಂದ ಇದೆ. ಅರ್ಧ ದುಡ್ಡು ಮುಂಗಡ. ಎರಡು ಆಪ್ಷನ್, ಎರಡು ಸಲ ತಿದ್ದುಪಡಿ, ಮೂರನೇದಕ್ಕೆ ಬೇರೆ ದುಡ್ಡು. ಬಾಕಿ ಬಂದ ಮೇಲೇ ಪ್ರಿಂಟಿಗೆ ಬೇಕಾದ ಫೈಲು. ಇದರಲ್ಲಿ ಗಿರಾಕಿಗೂ ಲಾಭ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂಬಳದ ನೌಕರ ಬರೆದ ಲೋಗೋ ಸಾಮಾನ್ಯವಾಗಿ ಕಂಪನಿಯದು. ಹೊರಗಿನವನು ಬರೆದದ್ದರ ಹಕ್ಕು ನಿಮ್ಮ ಕೈಗೆ ಬರಬೇಕಾದರೆ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದೆ ಬಿಟ್ಟರೆ ಐದೇ ವರ್ಷ ಅಂತ ಲೆಕ್ಕ. ವಾಟ್ಸಾಪಿನ ಹೆಬ್ಬೆರಳಿಗೆ ಆ ಶಕ್ತಿ ಇಲ್ಲ.

ಫ್ರೀಲ್ಯಾನ್ಸ್ ಮಾಡೋರಿಗೆ ಇನ್ನೊಂದು ಮಾತು. ಉದ್ಯಮ್ ನೋಂದಣಿ ಮಾಡಿಸ್ಕೊಳ್ಳಿ, ಆನ್‌ಲೈನಲ್ಲಿ ಆಗುತ್ತೆ, ಪುಕ್ಕಟೆ. 2006ರ ಎಂಎಸ್‌ಎಂಇ ಕಾಯ್ದೆಯಡಿ ಸಣ್ಣ ಉದ್ಯಮದವರಿಗೆ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇನ್‌ವಾಯ್ಸ್ ಕೆಳಗೆ ಈ ಎರಡು ಸಾಲು, ನೋಂದಣಿ ನಂಬರ್ ಹಾಕಿ ನೋಡಿ. ‘ಅಕೌಂಟ್ಸಲ್ಲಿ ಪೆಂಡಿಂಗ್ ಇದೆ’ ಅನ್ನೋ ರಾಗ ಸ್ವಲ್ಪ ಬದಲಾಗುತ್ತೆ. ಆದರೆ ಹನ್ನೆರಡು ಸಾವಿರದ ಬಾಕಿಗೆ ಕಾನೂನು ಹಿಡ್ಕೊಂಡು ಅಲೆಯೋ ಪುರುಸೊತ್ತು ಯಾರಿಗಿದೆ? ಅಡ್ವಾನ್ಸೇ ನಮ್ಮ ನಿಜವಾದ ಕಾನೂನು.

ಕೆಲಸ ಕಳ್ಕೊಂಡಿಲ್ವಾ ಅಂದ್ರೆ, ಕಳ್ಕೊಂಡಿದ್ದೀನಿ. ಮೊದಲ ಆರು ತಿಂಗಳು ಬಂದ ಹತ್ತು ಜನರಲ್ಲಿ ಆರು ಜನ ಅಡ್ವಾನ್ಸ್ ಅಂದ ತಕ್ಷಣ ಹೋದರು. ಉಳಿದ ನಾಲ್ಕೂ ಜನ ಪೂರ್ತಿ ದುಡ್ಡು ಕೊಟ್ಟರು. ಮೊದಲಿಗಿಂತ ಕೆಲಸ ಕಮ್ಮಿ, ಬಾಡಿಗೆಗೆ ಕೈಗಡ ಮಾತ್ರ ಮತ್ತೆ ತಗೊಂಡಿಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ ಡಿಸೈನರ್ ಅಲ್ಲ, ಗೊತ್ತು. ಸಂಬಳ ಒಂದನೇ ತಾರೀಕಿನ ಬದಲು ಮೂರಕ್ಕೆ ಬಂದರೆ ಎಚ್‌ಆರ್‌ಗೆ ಮೇಲ್ ಹಾಕೋರು ನೀವು. ತಪ್ಪೇನಿಲ್ಲ, ಹಾಕಲೇಬೇಕು. ಆದರೆ ನಿಮ್ಮಲ್ಲೇ ಒಬ್ಬರು ವೀಕೆಂಡಿಗೆ ಅಂತ ಕಾಫಿಪುಡಿ ಬಿಸಿನೆಸ್ಸೋ, ಟ್ರೆಕ್ಕಿಂಗ್ ಗ್ರೂಪೋ ಶುರು ಮಾಡ್ತೀರಿ. ಆಗ ಕಾಲೇಜಿನ ಹಳೇ ಸ್ನೇಹಿತನ ನೆನಪಾಗುತ್ತೆ: ‘ಮಗಾ, ಒಂದು ಸಣ್ಣ ಲೋಗೋ ಮಾಡ್ಕೊಡೋ.’ ಸ್ನೇಹಕ್ಕೆ ಮಾಡ್ತಾನೆ ಅವನು, ಇಲ್ಲ ಅನ್ನಲ್ಲ. ಅವನ ಮನೆ ಬಾಡಿಗೆ ಮಾತ್ರ ಸ್ನೇಹಕ್ಕೆ ಮಾಫಿ ಆಗಲ್ಲ. ಮೆಸೇಜ್ ಹಾಕೋ ಮುಂಚೆ ಅವನ ರೇಟ್ ಎಷ್ಟು ಅಂತ ಕೇಳಿ, ಅರ್ಧ ಕಳಿಸಿ, ಆಮೇಲೆ ಕೆಲಸ ಹೇಳಿ.

ದೋಸೆ ಕಲ್ಲಿನ ಮುಂದೆ ಟೋಕನ್ ಹಿಡ್ಕೊಂಡು ನಿಂತು ನಿಮಗೆ ಅಭ್ಯಾಸ ಇದ್ದೇ ಇದೆಯಲ್ಲ.