ಟ್ರ್ಯಾಕ್ಟರ್ ಟೈರಿಗೆ 5, ಪಿಕಪ್ ಟೈರಿಗೆ 18!

"ಬೋಳು ಟೈರಲ್ಲೇ ಗಾಡಿ ಓಡಿಸ್ತಾರೆ, ಬುದ್ಧಿಯಿಲ್ಲ" ಅಂತ ಪಿಕಪ್ ಡ್ರೈವರುಗಳನ್ನು ಬೈಯುವ ಮಿತ್ರರೇ, ಒಂದು ಲೆಕ್ಕ ಕೇಳಿ.

2017ರಿಂದ ಪಿಕಪ್ ಟೈರಿಗೆ ಜಿಎಸ್‌ಟಿ ಶೇ. 28 ಇತ್ತು. 2025ರ ಸೆಪ್ಟೆಂಬರಿನಲ್ಲಿ ಶೇ. 18ಕ್ಕೆ ಇಳಿಸಿದರು. ಆಗಲೇ ಟ್ರ್ಯಾಕ್ಟರ್ ಟೈರಿಗೆ ಶೇ. 5 ಮಾಡಿದರು. ಸಂತೋಷ. ಆದರೆ ನಮ್ಮ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಈರುಳ್ಳಿ, ಟೊಮೆಟೊ ಪೇಟೆಗೆ ಹೋಗೋದು ಪಿಕಪ್ಪಲ್ಲಿ ಕಣ್ರೀ! ಹೊಲ ಉಳುವ ಟೈರಿಗೊಂದು ನ್ಯಾಯ, ಬೆಳೆ ಹೊರುವ ಟೈರಿಗೊಂದು ನ್ಯಾಯವಾ? ದಿನವಿಡೀ ಕೋಡ್ ಬರೆಯೋ ನನಗಂತೂ ಈ ಲಾಜಿಕ್ ಅರ್ಥವಾಗಿಲ್ಲ.

ಟೈರಿನ ಗೀರು 1.6 ಮಿ.ಮೀ. ಆಳ ಇರಲೇಬೇಕು ಅನ್ನುತ್ತೆ ಕಾನೂನು. ಸರಿಯೇ. ಹೊಸದು ಕೊಳ್ಳಲಾಗದವನು ಸವೆದ ಟೈರಿಗೇ ಮತ್ತೆ ಗೀರು ಕೊರೆದದ್ದನ್ನು ತಂದು ಹಾಕ್ತಾನೆ. ಕೊಟ್ಟೂರಿನ ಬೇಸಿಗೆ, ಮೇಲೆ ಲೋಡು, ಸಿಡಿಯದೆ ಇರುತ್ತಾ?

ದಂಡ ಹಾಕಿ, ಬೇಡ ಅನ್ನಲ್ಲ. ಮೊದಲು ತೆರಿಗೆ ಇಳಿಸಿ. ಏನಂತೀರಿ?