ನಿಯ್ಯತ್ ಒಂದೇ ಸಾಲದು, ಕಲಿತಿರಬೇಕು

ಮಳೆಗಾಲ ಬಂತೆಂದರೆ ನಮ್ಮ ಜಮಾಅತ್‌ಗಳ ಯುವಕರು ಮನೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಎಲ್ಲೋ ಗುಡ್ಡ ಜರಿಯಿತು, ಎಲ್ಲೋ ಹೊಳೆ ಉಕ್ಕಿತು ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಸಾಕು, ಇಶಾ ನಮಾಝ್ ಮುಗಿಯುವುದರೊಳಗೆ ಪಿಕಪ್ ರೆಡಿ. ಅಕ್ಕಿ, ಬೆಡ್‌ಶೀಟ್, ಬ್ರೆಡ್ಡು, ಅದರ ಜೊತೆಗೆ ಒಂದು ಪೆಟ್ಟಿಗೆ ಮಾತ್ರೆ. 2010ರ ಮೇ 22ರಂದು ಕೆಂಜಾರಿನಲ್ಲಿ ವಿಮಾನ ಬಿದ್ದು 158 ಮಂದಿ ತೀರಿಕೊಂಡ ದಿನ ಆ ಕಣಿವೆಗೆ ಮೊದಲು ಓಡಿ ಇಳಿದವರು ಸುತ್ತಮುತ್ತಲಿನ ಊರವರೇ. ಈ ಓಡುವ ಗುಣ ಅಲ್ಲಾಹನು ಕೊಟ್ಟ ದೊಡ್ಡ ನಿಅಮತ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಓಡಿ ಹೋದ ಮೇಲೆ ಅಲ್ಲಿ ಏನು ಮಾಡಬೇಕು ಎಂಬುದು ನಮಗೆ ಗೊತ್ತಿದೆಯೇ? ಈ ಪ್ರಶ್ನೆಯನ್ನು ನಾನು ಬೇರೆಯವರಿಗಿಂತ ಮೊದಲು ನನಗೇ ಕೇಳಿಕೊಳ್ಳಬೇಕಾಗಿ ಬಂತು.

2022ರಲ್ಲಿ ನಾನು ರಾಮನಗರದ ಕಡೆ ಒಂದು ಮದ್ರಸದಲ್ಲಿ ಕಲಿಸುತ್ತಿದ್ದೆ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ಜಿಲ್ಲೆ ಅದು. ಕರಾವಳಿಯ ನಮಗೆ ರಾಮನಗರ ಎಂದರೆ ಮೈಸೂರು ರಸ್ತೆಯ ಬಸ್ಸಿನ ಕಿಟಕಿಯಲ್ಲಿ ಕಾಣುವ ಬಂಡೆ ಬೆಟ್ಟಗಳು ಮಾತ್ರ. ಆದರೆ ಅಲ್ಲಿ ರೇಷ್ಮೆ ಗೂಡಿನ ನೂಲು ಬಿಚ್ಚಿ ಬದುಕುವ, ಪಕ್ಕದ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆದು ಬದುಕುವ ಎಷ್ಟೋ ಮುಸ್ಲಿಂ ಮನೆಗಳಿವೆ. ಅಂದಿನ ದುಡಿಮೆ ಅಂದಿನ ಊಟಕ್ಕೆ.

ಆ ವರ್ಷ ಆಗಸ್ಟ್ ಕೊನೆಯಲ್ಲಿ ಮಳೆ ಬಿಡಲೇ ಇಲ್ಲ. 29ರ ಸೋಮವಾರ ಬೆಳಿಗ್ಗೆ ನೋಡಿದರೆ ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಾಗಿತ್ತು. ಬಸ್ಸು, ಕಾರು ನೀರಲ್ಲಿ ಸಿಕ್ಕಿಕೊಂಡವು. ವಾಹನಗಳನ್ನು ಕನಕಪುರದ ದಾರಿಗೆ ತಿರುಗಿಸಿದರು. ಕೆರೆ ತುಂಬಿ ಹರಿದು ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ಪಾತ್ರೆ, ಹಾಸಿಗೆ, ರೇಷನ್ ಅಕ್ಕಿ ಎಲ್ಲ ಕೆಸರು.

ನಾವು ನಾಲ್ಕು ಮಂದಿ ಮನೆಮನೆಯಿಂದ ಒಟ್ಟು ಮಾಡಿದ ಮಾತ್ರೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೊರಟೆವು. ಒಂದು ಕಡೆ ಜಗಲಿಯಲ್ಲಿ ಕೂತಿದ್ದ ವಯಸ್ಸಾದ ತಾಯಿಯೊಬ್ಬರು, "ಹಜರತ್, ನನ್ನ ಶುಗರ್ ಮಾತ್ರೆ ನೀರಲ್ಲಿ ಹೋಯ್ತು" ಎಂದರು. ನನಗೆ ಖುಷಿಯೇ ಆಯ್ತು ಎನ್ನಬೇಕು. ಚೀಲದಲ್ಲಿ ಶುಗರ್ ಮಾತ್ರೆ ಇತ್ತಲ್ಲ! ಬಿಸ್ಮಿಲ್ಲಾ ಹೇಳಿ ತೆಗೆದು ಕೈಗಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಮೇಷ್ಟ್ರೇ, ಸ್ವಲ್ಪ ತಡೀರಿ. ಅವರು ಯಾವ ಮಾತ್ರೆ ತಗೋತಿದ್ರು, ಎಷ್ಟು ಪವರ್ರು ಕೇಳಿದ್ರಾ? ಬೆಳಗಿನಿಂದ ಏನಾದ್ರೂ ತಿಂದಿದ್ದಾರಾ?"

ಆರೋಗ್ಯ ಇಲಾಖೆಯ ನರ್ಸಮ್ಮ. ಆ ತಾಯಿ ಹಿಂದಿನ ರಾತ್ರಿಯಿಂದ ಒಂದು ತುತ್ತೂ ತಿಂದಿರಲಿಲ್ಲ. ಶುಗರ್ ಇಳಿಸುವ ಕೆಲವು ಮಾತ್ರೆಗಳನ್ನು ಖಾಲಿ ಹೊಟ್ಟೆಗೆ ಕೊಟ್ಟರೆ ಶುಗರ್ ವಿಪರೀತ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯವಾಗಬಹುದು. ನನ್ನ ಕೈ ನಡುಗಿತು. ಸೇವೆಗೆಂದು ಹೋದವನು ಏನು ಮಾಡಿಬಿಡುತ್ತಿದ್ದೆ! ಆಕೆ ನಮ್ಮ ಚೀಲ ಬಿಡಿಸಿ ನೋಡಿದರು. ಅರ್ಧದಷ್ಟು ಅವಧಿ ಮುಗಿದದ್ದು, ಇನ್ನು ಕೆಲವು ಹೆಸರೇ ಕಾಣದಂತೆ ಕತ್ತರಿಸಿದ ತುಂಡು ಸ್ಟ್ರಿಪ್‌ಗಳು.

ಆಕೆ ಬೈಯಲಿಲ್ಲ. ಒಂದು ಕೆಲಸ ಕೊಟ್ಟರು. "ನಿಮಗೆ ಬರೆಯೋಕೆ ಚೆನ್ನಾಗಿ ಬರುತ್ತಲ್ಲ, ಮನೆಮನೆಗೆ ಹೋಗಿ ಬರ್ಕೊಂಡು ಬನ್ನಿ. ಗರ್ಭಿಣಿಯರು ಯಾರು, ಇನ್ಸುಲಿನ್ ತಗೊಳ್ಳೋರು ಯಾರು, ಯಾರಿಗೆ ಭೇದಿ ಶುರುವಾಗಿದೆ, ಯಾರು ಎದ್ದು ಓಡಾಡೋಕೆ ಆಗಲ್ಲ." ಮದ್ರಸದ ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮೂರು ದಿನ ಬರೆದೆ. ಮುಸ್ಲಿಮರ ಮನೆ, ಹಿಂದೂಗಳ ಮನೆ ಎಂದು ನೋಡದೆ ಸಾಲಾಗಿ ಬರೆದೆ. ಎರಡನೇ ದಿನ ಒಂದು ಮನೆಯಲ್ಲಿ ಡಯಾಲಿಸಿಸ್‌ನ ದಿನ ತಪ್ಪಿಹೋಗಿದ್ದ ಒಬ್ಬರು ಸಿಕ್ಕಿದರು. ಮುಖ, ಕಾಲು ಊದಿತ್ತು. ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ. ಟ್ರ್ಯಾಕ್ಟರ್‌ನಲ್ಲಿ ಕೂರಿಸಿ ರಸ್ತೆಗೆ ತಂದು, ಅಲ್ಲಿಂದ ಆಂಬ್ಯುಲೆನ್ಸ್‌ಗೆ ಹತ್ತಿಸಿದೆವು. ಅವರು ಉಳಿದರು, ಅಲ್ಹಂದುಲಿಲ್ಲಾಹ್. ನಾನು ಕೊಟ್ಟದ್ದೇನು? ಒಂದು ಹೆಸರು ಬರೆದದ್ದು, ಅಷ್ಟೆ. ಆ ರಾತ್ರಿಯ ಸುಜೂದಿನಲ್ಲಿ ಸಿಕ್ಕಿದ ಸಮಾಧಾನ ನನಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ. ಬರಕತ್ ಎಂದರೆ ಏನೆಂದು ಮಕ್ಕಳಿಗೆ ಹೇಳುತ್ತಿದ್ದವನಿಗೆ ಅದರ ರುಚಿ ತಿಳಿದದ್ದು ಅಂದು.

ಮದ್ರಸದಲ್ಲಿ ಮಕ್ಕಳಿಗೆ ನಾವು ವುಝೂವಿನ ಫರ್ಳ್ ಆರು ಎಂದು ಬಾಯಿಪಾಠ ಮಾಡಿಸುತ್ತೇವೆ. ಮೊದಲನೆಯದು ನಿಯ್ಯತ್. ಆದರೆ ನಿಯ್ಯತ್ ಒಂದನ್ನೇ ಇಟ್ಟುಕೊಂಡು ಮುಖ ತೊಳೆಯದೆ, ಕೈ ತೊಳೆಯದೆ ನಮಾಝಿಗೆ ನಿಂತರೆ ಯಾರಾದರೂ ಒಪ್ಪುತ್ತಾರೆಯೇ? ರೋಗಿಯ ಸೇವೆಯೂ ಇಬಾದತ್ ಎನ್ನುವುದಾದರೆ ಅದಕ್ಕೂ ಕಲಿಯಬೇಕಾದ ಕ್ರಮವಿದೆ. ರೋಗಿಯನ್ನು ಕಾಣಲು ಹೋದವನು ಅಲ್ಲಿ ಅಲ್ಲಾಹನ ಸಾಮೀಪ್ಯವನ್ನು ಕಾಣುತ್ತಾನೆ ಎಂಬ ಅರ್ಥದ ಹದೀಸನ್ನು ನಾವು ವೇದಿಕೆಯಲ್ಲಿ ಎಷ್ಟು ಸಲ ಹೇಳಿಲ್ಲ! ಅಂಥ ಜಾಗಕ್ಕೆ ಗೊತ್ತಿಲ್ಲದ ಮಾತ್ರೆ ಹಿಡಿದು ಹೋಗುವುದು ಅದಬ್ ಅಲ್ಲ.

ಪ್ರವಾದಿ(ಸ)ರ ಕಾಲದಲ್ಲಿ ಗಾಯಾಳುಗಳ ಆರೈಕೆಗೆ ಮದೀನಾದ ಮಸೀದಿಯ ಬಳಿ ಡೇರೆ ಹಾಕಿದ್ದ ರುಫೈದಾ(ರ) ಅವರನ್ನು ನೆನೆಯಿರಿ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆ ಡೇರೆಗೇ ತರಲಾಯಿತು. ಕನಿಕರ ಇದ್ದವರು ಮದೀನಾದಲ್ಲಿ ಎಷ್ಟೋ ಜನ ಇದ್ದರು. ಗಾಯ ಕಟ್ಟಲು ತಿಳಿದವರ ಬಳಿಗೆ ಕಳಿಸಿದರು ಎಂಬುದು ಇಲ್ಲಿ ಪಾಠ. ಕೊರೊನಾ ಕಾಲದಲ್ಲೂ ನಾವು ಅದನ್ನು ಕಂಡಿದ್ದೇವೆ. ಹತ್ತಿರದವರೇ ಮುಟ್ಟಲು ಹೆದರಿದ ಮಯ್ಯತ್‌ಗಳನ್ನು ನಮ್ಮ ಹುಡುಗರು ದಫನ್ ಮಾಡಿದರು, ಬೇರೆ ಧರ್ಮದವರ ಅಂತ್ಯಕ್ರಿಯೆಗೂ ಹೆಗಲು ಕೊಟ್ಟರು. ಪಿಪಿಇ ಕಿಟ್ ಹಾಕುವುದು ಹೇಗೆ, ಮುಖ್ಯವಾಗಿ ತೆಗೆಯುವುದು ಹೇಗೆ ಎಂದು ಮೊದಲು ಕಲಿತು ಇಳಿದವರು ತಾವೂ ಸುರಕ್ಷಿತ, ಮನೆಯವರೂ ಸುರಕ್ಷಿತ.

ಹಾಗಾಗಿ ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ರೆಡ್‌ಕ್ರಾಸ್‌ನವರನ್ನೋ ಕರೆಸಿ ಪ್ರಥಮ ಚಿಕಿತ್ಸೆ ಕಲಿಸಿ. ಹೆಣ್ಣುಮಕ್ಕಳಿಗೂ ಕಲಿಸಿ, ಶಿಬಿರದಲ್ಲಿರುವ ಗರ್ಭಿಣಿ ತನ್ನ ಕಷ್ಟವನ್ನು ನಮ್ಮ ಹುಡುಗರಲ್ಲಿ ಹೇಳಿಕೊಳ್ಳಲಾರಳು. ಊರಿನ ಇನ್ಸುಲಿನ್, ಡಯಾಲಿಸಿಸ್, ಹಾಸಿಗೆ ಹಿಡಿದ ರೋಗಿಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಆಶಾ ಕಾರ್ಯಕರ್ತೆಯರ ಜೊತೆ ಸೇರಿ ಈಗಲೇ ಮಾಡಿ. ಆ ಪಟ್ಟಿ ಎಲ್ಲ ಧರ್ಮದವರ ಮನೆಗಳದ್ದಾಗಿರಲಿ. ಮಾತ್ರೆಯನ್ನು ಡಾಕ್ಟರ್ ಕೈಯಲ್ಲೇ ಕೊಡಿಸಿ. ನಾವು ಒಯ್ಯಬಹುದಾದ್ದು ಬೇರೆ ಇದೆ: ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟು ಪ್ರತಿ ಮನೆಯ ಉಮ್ಮಂದಿರಿಗೂ ಗೊತ್ತಿರಲಿ. ಕೆಸರು ನೀರಿಗೆ ಇಳಿಯುವವರು ಬರಿಗಾಲಲ್ಲಿ ಇಳಿಯಬೇಡಿ, ಇಲಿಜ್ವರದ ಭಯವಿದೆ. ಕೊನೆಗೆ, ಮೊಬೈಲ್ ಜೇಬಲ್ಲಿರಲಿ. ಒದ್ದೆ ಬಟ್ಟೆಯಲ್ಲಿ ಕೈಚಾಚಿ ನಿಂತ ತಾಯಿಯ ಫೋಟೊ ಸ್ಟೇಟಸ್‌ಗೆ ಹಾಕಿದರೆ ಇಖ್ಲಾಸ್ ಎಲ್ಲಿ ಉಳಿಯಿತು?

ಆ ನರ್ಸಮ್ಮನ ಹೆಸರು ಕೇಳಲೂ ಆಗ ನನಗೆ ತೋಚಲಿಲ್ಲ. ನನ್ನನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸಿದ ಆಕೆಗೆ ನನ್ನ ದುಆದಲ್ಲಿ ಒಂದು ಪಾಲು ಇದ್ದೇ ಇದೆ. ಓಡಿಹೋಗುವ ಮನಸ್ಸಿನ ಜೊತೆಗೆ ತಿಳಿದು ಮಾಡುವ ಇಲ್ಮ್ ಅನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ, ನಮ್ಮೆಲ್ಲರ ಖಿದ್ಮತ್ತನ್ನು ಸ್ವೀಕರಿಸಲಿ. ಆಮೀನ್.